ನೇರಳೆ ಹಣ್ಣಿಗೆ ಹಾಕಿದ ಉಪ್ಪು

ನಮ್ಮಜ್ಜಿ ಬಿಯರ್ ಕುಡಿದಿದ್ದಾರೆ ಎಂದು ನೀವಿಬ್ಬರೂ ಸ್ನೇಹಿತರ ಮುಂದೆ ಹೇಳಿಕೊಂಡು ನಗುತ್ತೀರಿ. ಕುಡಿದದ್ದು ನಿಜ, ಮಕ್ಕಳೇ. ಸಣ್ಣ ಗಾಜಿನ ಲೋಟದಲ್ಲಿ ಮೂರು ಗುಟುಕು. ಆದರೆ ಆ ಮಾತು ಬಂದಾಗಲೆಲ್ಲ ನಿಮ್ಮ ಅಮ್ಮ ಯಾವುದೋ ಕೆಲಸ ನೆನಪಾದವಳಂತೆ ಎದ್ದು ಒಳಗೆ ಹೋಗುವುದನ್ನು ನೀವು ಗಮನಿಸಿಲ್ಲ. ಅವತ್ತು ಒಬ್ಬ ಹೆಂಗಸಿನ ಕೆಲಸ ಹೋಗುವುದರಲ್ಲಿತ್ತು. ಅದಕ್ಕೆ ಕಾರಣ ನಾನು. ಬಾಯಲ್ಲಿ ಹೇಳೋಣವೆಂದರೆ ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಅದರಲ್ಲೇ ಬರೆದಿಡುತ್ತೇನೆ.

ನಿಮ್ಮ ಅಮ್ಮ ಹೆಬ್ಬಾಳದ ಹತ್ತಿರ ಬಿಯರ್ ಮಾಡಿ ಅಲ್ಲೇ ಜನಕ್ಕೆ ಕೊಡುವ ಜಾಗಕ್ಕೆ ಸೇರಿದಾಗ ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಅವಳು ಹಾಲಿನ ಡೇರಿಯ ಲ್ಯಾಬಿನಲ್ಲಿ ಮೊಸರು ಪರೀಕ್ಷೆ ಮಾಡುತ್ತಿದ್ದಳು. ಮೊಸರು ಹೆಪ್ಪಾಗುವುದೂ ಬಿಯರ್ ಹುಳಿಯುವುದೂ ಹೆಚ್ಚುಕಡಿಮೆ ಒಂದೇ ವಿದ್ಯೆ ಎಂದು ನನಗೆ ಬಿಡಿಸಿ ಹೇಳಿದಳು. ನಾನು ತಲೆಯಾಡಿಸಿದೆ. ನಮ್ಮೂರು ರಾಜಾನುಕುಂಟೆಯಲ್ಲಿ ನೆಂಟರು ಕೇಳಿದಾಗ ಮಾತ್ರ ‘ಜ್ಯೂಸ್ ಕಂಪನೀಲಿ ಇದ್ದಾಳೆ’ ಎಂದೆ. ನಾಲ್ಕು ವರ್ಷ ಅದೇ ಮಾತು ನಡೆಯಿತು. ಆ ಜಾಗವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಅವಳೂ ಕರೆದಿರಲಿಲ್ಲ.

ಅಲ್ಲಿ ಬಿಯರ್ ಮಾಡುವವರು ಮಾಲೀಕರೇ. ನಿಮ್ಮ ಅಮ್ಮ ಅವರ ಕೈಕೆಳಗೆ. ಬಿಸಿ ಎಷ್ಟಿದೆ, ಹುಳಿ ಎಷ್ಟಾಗಿದೆ ಎಂದು ನೋಡಿ ಬರೆದಿಡುವುದು ಅವಳ ಕೆಲಸ. ಹೋದ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಮಾಲೀಕರು ಅವಳನ್ನು ಕರೆದು, "ಒಂದು ಟ್ಯಾಂಕ್ ನಿಮಗೆ ಬಿಡ್ತೀನಿ. ನಿಮಗೆ ಬೇಕಾದ್ದು ಮಾಡಿ. ಚೆನ್ನಾಗಿ ಬಂದ್ರೆ ಮುಂದಕ್ಕೂ ನಿಮಗೊಂದು ಟ್ಯಾಂಕ್ ಇರುತ್ತೆ" ಎಂದರಂತೆ. ಅವತ್ತು ಮನೆಗೆ ಬಂದವಳು ಹೆಲ್ಮೆಟ್ಟನ್ನೂ ತೆಗೆಯದೆ ಅಡುಗೆಮನೆಯಲ್ಲಿ ನಿಂತು ಹೇಳಿದಳು. ಗೋಧಿಯನ್ನೂ ಬಾರ್ಲಿಯನ್ನೂ ಬೇಯಿಸಿ, ಆ ನೀರನ್ನು ಎರಡು ದಿನ ಬೆಚ್ಚಗಿಟ್ಟು ಹುಳಿ ಬರಿಸಿ, ಆಮೇಲೆ ಹಣ್ಣು ಹಾಕುವ ಬಿಯರ್ ಅದು. "ನಮ್ಮ ಅಂಬಲಿ ಹುಳಿ ಬರಿಸ್ತೀವಲ್ಲ, ಹಾಗೇ ಅಮ್ಮ" ಎಂದಳು. ಹಣ್ಣು ಯಾವುದು ಎಂದು ಕೇಳಿದೆ. ನೇರಳೆ ಎಂದಳು. ನಮ್ಮ ರಾಜಾನುಕುಂಟೆ ಜಮೀನಿನಲ್ಲಿ ಉಳಿದಿರುವ ಎರಡು ಮರದ್ದು.

ಮಾಲೀಕರಿಗೆ ಅದು ಅಷ್ಟು ಒಪ್ಪಿಗೆಯಿರಲಿಲ್ಲವಂತೆ. ಹಣ್ಣಿನ ತಿರುಳನ್ನು ಫ್ಯಾಕ್ಟರಿಯಿಂದ ಡಬ್ಬಿಯಲ್ಲಿ ತರಿಸುವುದು ಅಲ್ಲಿಯ ರೂಢಿ. ಮನೆಯಲ್ಲಿ ಮಾಡಿದ್ದು ಎಂದರೆ ಯಾರ ಕೈ, ಯಾವ ನೀರು, ಏನು ಬೆರೆತಿದೆಯೋ ಎಂಬ ಅನುಮಾನ. ಇವಳು, "ನಮ್ಮಮ್ಮ ಮಾಡಿಕೊಡ್ತಾರೆ ಸಾರ್, ಹಣ್ಣು ಬಿಟ್ಟು ಇನ್ನೇನೂ ಇರಲ್ಲ, ನನ್ ಜವಾಬ್ದಾರಿ" ಎಂದು ಮಾತು ಕೊಟ್ಟು ಬಂದಿದ್ದಳು.

ನಾನು ಮೂರು ದಿನ ರಾಜಾನುಕುಂಟೆಯಲ್ಲೇ ಉಳಿದೆ. ಮರದ ಕೆಳಗೆ ಹಳೇ ಸೀರೆ ಹಾಸಿ ಹಣ್ಣು ಉದುರಿಸಿ, ತೊಳೆದು, ತಪ್ಪಲೆಗೆ ತುಂಬಿ ಬೀಜ ಬಿಡಿಸಿದೆ. ನಿಮ್ಮ ಅಮ್ಮ ಫೋನಿನಲ್ಲಿ ದಿನಕ್ಕೆ ಎರಡು ಸಲ ಹೇಳುತ್ತಿದ್ದಳು.

"ಏನೂ ಸೇರಿಸ್ಬೇಡ ಅಮ್ಮ. ಸಕ್ಕರೆ ಬೇಡ, ನೀರೂ ಬೇಡ. ಬರೀ ತಿರುಳು."

"ಸಕ್ಕರೆ ಯಾಕೆ ಹಾಕ್ಲಿ? ನನಗೇನ್ ಬುದ್ಧಿ ಇಲ್ವಾ?"

"ನಿನ್ ಕೈ ಸುಮ್ನಿರಲ್ಲ, ಅದಕ್ಕೆ ಹೇಳ್ದೆ."

ಹೀಗೆ ಮಾತಾಡಿ ಫೋನಿಟ್ಟ ಮೇಲೆ ನಾನು ಒಂದು ಹಿಡಿ ಕಲ್ಲುಪ್ಪು ತಪ್ಪಲೆಗೆ ಹಾಕಿ, ಮೇಲೆ ಇನ್ನೊಂದು ಪಾತ್ರೆ ಕವುಚಿ, ಎರಡೂ ಕೈಯಲ್ಲಿ ಹಿಡಿದು ಕುಲುಕಿದೆ. ನೇರಳೆ ಹಣ್ಣು ಕಂಡ ದಿನದಿಂದ ನಾನು ಮಾಡಿರುವುದು ಅದನ್ನೇ. ನಮ್ಮವ್ವ ಮಾಡುತ್ತಿದ್ದುದೂ ಅದನ್ನೇ. ಉಪ್ಪು ಹಾಕಿ ಕುಲುಕಿದರೆ ಸಿಪ್ಪೆ ಬಿರಿಯುತ್ತದೆ, ಬೀಜ ತಾನಾಗಿ ಕಳಚಿಕೊಳ್ಳುತ್ತದೆ, ಗಂಟಲು ಹಿಡಿಯುವ ಒಗರು ಹೋಗುತ್ತದೆ. ಉಪ್ಪಿಲ್ಲದೆ ನೇರಳೆ ತಿನ್ನುವವರನ್ನು ನಾನು ನೋಡಿಲ್ಲ. ಅದು ನನಗೆ ಹಣ್ಣು ತೊಳೆದ ಹಾಗೆ. ಏನೋ ಸೇರಿಸುತ್ತಿದ್ದೇನೆ ಎಂದು ಒಂದು ತಪ್ಪಲೆಗೆ ಹಾಕುವಾಗಲೂ ಅನ್ನಿಸಲಿಲ್ಲ. ಡಬ್ಬಿಗಳನ್ನು ನಿಮ್ಮ ಅಪ್ಪ ಕಾರಿನಲ್ಲಿ ತಂದುಕೊಟ್ಟರು, ನಿಮ್ಮ ಅಮ್ಮ ಅಲ್ಲಿಯ ಫ್ರೀಜರಿಗೆ ಸೇರಿಸಿದಳು. ನನ್ನ ಬೆರಳಿನ ನೀಲಿ ಒಂದು ವಾರ ಹೋಗಲಿಲ್ಲ.

ಸುಮಾರು ಒಂದು ತಿಂಗಳಾದ ಮೇಲೆ ಒಂದು ಶುಕ್ರವಾರ ಸಂಜೆ ನಾನು ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದೆ. ನಿಮ್ಮ ಅಮ್ಮ ಬಂದಳು. ಗಾಡಿ ನಿಲ್ಲಿಸಿದ ಸದ್ದಿನಲ್ಲೇ ಏನೋ ಸರಿಯಿಲ್ಲ ಎಂದು ನನಗೆ ಗೊತ್ತಾಯಿತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ಉಪ್ಪು ಬಂದಿದೆ ಅಮ್ಮ."

"ಎಲ್ಲಿ?"

"ಬಿಯರಲ್ಲಿ. ನನ್ ಟ್ಯಾಂಕಲ್ಲಿ. ಹುಳಿ ಸರಿಯಾಗಿದೆ, ಬಣ್ಣ ಸರಿಯಾಗಿದೆ, ಬಾಯಿಗಿಟ್ರೆ ಉಪ್ಪು."

ನನ್ನ ಕೈಯಲ್ಲಿ ಮುದ್ದೆಕೋಲು ನಿಂತಿತು. ಅವಳು ಅದನ್ನು ನೋಡದೆ ಹೇಳುತ್ತಾ ಹೋದಳು. ಅಲ್ಲಿಯ ಬೋರ್‌ವೆಲ್ ನೀರು ಗಡಸು, ನಮ್ಮ ಯಲಹಂಕದ ಮನೆಯ ನೀರಿನ ಹಾಗೆಯೇ. ಅದನ್ನು ಮೆತ್ತಗೆ ಮಾಡುವ ಮಿಷನ್ನಿಗೆ ವಾರಕ್ಕೊಮ್ಮೆ ಉಪ್ಪು ಸುರಿದು ತೊಳೆಯುತ್ತಾರೆ. ತೊಳೆದ ಉಪ್ಪುನೀರು ಪೂರ್ತಿ ಹೊರಗೆ ಹೋಗುವವರೆಗೆ ಕಾಯಬೇಕು, ಆಮೇಲೆ ನಲ್ಲಿ ತಿರುಗಿಸಬೇಕು. ಅವಳು ಗೋಧಿ ಬೇಯಿಸಲು ನೀರು ತುಂಬಿಸಿದ ದಿನವೇ ಬೆಳಿಗ್ಗೆ ಮಿಷನ್ ತೊಳೆದಿದ್ದರಂತೆ.

"ಟ್ಯಾಂಕ್ ತೊಳೆಯೋ ಹೆಂಗಸು ಒಬ್ರು ಇದಾರೆ, ಅವರದೇ ಆ ಕೆಲಸ. ಅರ್ಜೆಂಟಲ್ಲಿ ಬೇಗ ತಿರುಗಿಸಿಬಿಟ್ಟಿದ್ದಾರೆ. ಬೇರೆ ಎಲ್ಲಿಂದ ಉಪ್ಪು ಬರುತ್ತೆ ಹೇಳು? ಸಾರ್ ಎಲ್ಲರ ಮುಂದೆ ಕೇಳಿದ್ರು, ನಾನು ಅದನ್ನೇ ಹೇಳ್ದೆ. ಸೋಮವಾರದಿಂದ ಬರೋದು ಬೇಡ ಅಂದ್ರು ಅವರಿಗೆ."

ಬೇರೆ ಎಲ್ಲಿಂದ ಉಪ್ಪು ಬರುತ್ತೆ ಹೇಳು ಎಂದು ಅವಳು ನನ್ನನ್ನೇ ಕೇಳಿದಳು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ.

"ಯಾಕಮ್ಮ ನಿಂತ್ಕೊಂಡೆ? ತಳ ಹಿಡೀತಿದೆ ನೋಡು."

"ಏನಿಲ್ಲ. ಬಿಸಿ ತಗುಲ್ತು" ಎಂದೆ.

ಅಂದು ರಾತ್ರಿ ಊಟಕ್ಕೆ ಬಡಿಸುವಾಗ, ಪಾತ್ರೆ ತೊಳೆಯುವಾಗ ನಾನು ಮನಸ್ಸಿನಲ್ಲೇ ವಾದ ಮಾಡಿಕೊಂಡೆ. ತಪ್ಪಲೆಗೆ ಒಂದು ಹಿಡಿ ಉಪ್ಪು ಅಷ್ಟು ದೊಡ್ಡ ಟ್ಯಾಂಕಿಗೆ ಎಷ್ಟರದು? ಆ ಹೆಂಗಸೇ ನಲ್ಲಿ ಬೇಗ ತಿರುಗಿಸಿರಬಹುದು. ಯಾರಿಗೆ ಗೊತ್ತು. ನಾನು ಬಾಯಿಬಿಟ್ಟರೆ ಮಗಳು ಕೊಟ್ಟ ಮಾತು ಸುಳ್ಳಾಗುತ್ತದೆ. ‘ನನ್ ಜವಾಬ್ದಾರಿ’ ಎಂದಿದ್ದಳಲ್ಲ. ಮುಂದೆ ಅವಳಿಗೆ ಟ್ಯಾಂಕ್ ಕೊಡುವವರು ಯಾರು? ಬಾಯಿಬಿಡದಿದ್ದರೆ ಮುಖವನ್ನೇ ನೋಡಿರದ ಒಬ್ಬಳ ಕೆಲಸ ಹೋಗುತ್ತದೆ. ಮುಖ ನೋಡಿಲ್ಲ ಎಂಬುದು ಆಗ ನನಗೆ ಒಂದು ಅನುಕೂಲದ ಹಾಗೆ ಕಂಡಿತು. ಅದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಬೆಳಿಗ್ಗೆ ನೀವು ಶಾಲೆಗೆ ಹೋದ ಮೇಲೆ ನಿಮ್ಮ ಅಮ್ಮ ಹೊರಡುತ್ತಿದ್ದಳು. ಶನಿವಾರ, ನನ್ನ ಒಪ್ಪತ್ತು. ಸ್ನಾನ ಮಾಡಿ ದೀಪ ಹಚ್ಚಿ ಬಂದವಳು ಚಪ್ಪಲಿ ಹಾಕಿಕೊಂಡು ನಿಂತೆ.

"ನಾನೂ ಬರ್ತೀನಿ."

"ಎಲ್ಲಿಗೆ?"

"ನಿನ್ ಕೆಲಸದ ಜಾಗಕ್ಕೆ. ನಾನೊಂದ್ಸಲ ನೋಡ್ತೀನಿ ಅದನ್ನ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಾಲ್ಕು ವರ್ಷದಿಂದ ಇಲ್ದೇ ಇರೋದು ಇವತ್ತೇ ನೋಡ್ಬೇಕಾ? ಸಂಜೆ ಜನಕ್ಕೆ ಹಾಕ್ಬೇಕು ಅಂತ ಬೋರ್ಡ್ ಬೇರೆ ಬರ್ಸಿದೀವಿ. ಅದನ್ನ ಚೆಲ್ಲೋದೋ ಏನ್ಮಾಡೋದೋ ಅಂತ ಸಾರ್ ಬಂದು ತೀರ್ಮಾನ ಮಾಡ್ತಾರೆ. ಅಲ್ಲಿ ನೀನೇನ್ ಮಾಡ್ತೀಯ?"

"ಒಂದು ಮೂಲೇಲಿ ಕೂತಿರ್ತೀನಿ."

ಗಾಡಿಯ ಹಿಂದೆ ಕೂತೆ. ದಾರಿಯಲ್ಲಿ ಹೇಳಿಬಿಡೋಣ, ಇಬ್ಬರೇ ಇದ್ದಾಗ ಹೇಳಿದರೆ ಅವಳೇ ಏನಾದರೂ ದಾರಿ ಹುಡುಕುತ್ತಾಳೆ ಎಂದುಕೊಂಡಿದ್ದೆ. ಅವಳ ತಲೆಗೂ ಹೆಲ್ಮೆಟ್ಟು, ನನ್ನ ತಲೆಗೂ ಹೆಲ್ಮೆಟ್ಟು. ಏರ್‌ಪೋರ್ಟ್ ರಸ್ತೆಯ ಲಾರಿ, ಬಸ್ಸುಗಳ ನಡುವೆ ಒಂದು ಸಲ "ಮಗಾ" ಎಂದೆ. "ಗಟ್ಟಿಯಾಗಿ ಹಿಡ್ಕೋ ಅಮ್ಮ" ಎಂದಳು. ಹೆಬ್ಬಾಳದ ಫ್ಲೈಓವರ್ ಕಣ್ಣಿಗೆ ಬೀಳುವ ಹೊತ್ತಿಗೆ ಗಾಡಿ ಸರ್ವೀಸ್ ರಸ್ತೆಗೆ ಇಳಿದು ನಿಂತಿತ್ತು.

ಆ ಜಾಗ ನಾನು ನೆನೆಸಿಕೊಂಡ ಹಾಗಿರಲಿಲ್ಲ. ಹೆಂಡದಂಗಡಿಯ ಕತ್ತಲೆ, ಕಮಟು ಇರುತ್ತದೆ ಎಂದುಕೊಂಡಿದ್ದೆ. ಮದುವೆ ಛತ್ರದ ಊಟದ ಮನೆಯಷ್ಟು ಬೆಳಕಿತ್ತು. ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ನೆಲ ಒರೆಸುತ್ತಿದ್ದರು. ಗಾಜಿನ ಗೋಡೆಯಾಚೆ ಆಳೆತ್ತರದ ಸ್ಟೀಲ್ ಟ್ಯಾಂಕುಗಳು ಸಾಲಾಗಿ ನಿಂತಿದ್ದವು. ರಾಗಿ ಹುರಿದಂಥ ವಾಸನೆ, ಅದರೊಳಗೆ ಹುಳಿ ವಾಸನೆ. ನಿಮ್ಮ ಅಮ್ಮ ನನ್ನನ್ನು ಟ್ಯಾಂಕುಗಳ ಪಕ್ಕದ ಬಾಗಿಲ ಬಳಿ ಬಿಟ್ಟು ಮೇಲಿನ ಆಫೀಸಿಗೆ ಹೋದಳು.

ರಬ್ಬರ್ ಬೂಟು ಹಾಕಿದ್ದ ಒಬ್ಬ ಹೆಂಗಸು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು. ಐವತ್ತರ ಹತ್ತಿರ ಇರಬೇಕು. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದಳು. ಕೇಳದೆಯೇ ಲೋಟದಲ್ಲಿ ನೀರು ತಂದುಕೊಟ್ಟಳು.

"ಮೇಡಮ್ಮೋರ ತಾಯಿ ಅಲ್ವಾ? ಮುಕ ಅಂಗೇ ಐತೆ. ಕುಡೀರಿ ಅಕ್ಕ, ಇದು ಕ್ಯಾನ್ ನೀರು. ಉಪ್ಪಿಲ್ಲ."

ಉಪ್ಪಿಲ್ಲ ಎಂದು ಹೇಳಿ ತಾನೇ ಒಂದು ಥರಾ ನಕ್ಕಳು. ನಾನು ಲೋಟ ಹಿಡಿದು ಕೂತೆ. ಅವಳು ಪೈಪು ಸುತ್ತಿಡುತ್ತಾ, ಕೇಳುವವರು ಯಾರೋ ಸಿಕ್ಕಿದರು ಎಂಬಂತೆ ಮಾತಾಡಿದಳು.

"ಇವತ್ತೇ ಕಡೇ ದಿನ ನಂದು. ಉಪ್ಪುನೀರು ಬುಟ್ಬುಟ್ಟೆ ಅಂತಾರೆ. ನಾನು ನಲವತ್ತು ನಿಮ್ಸ ಬುಡ್ತೀನಿ ಅಕ್ಕ, ಫೋನಲ್ಲಿ ಅಲಾರಂ ಮಡೀಕಂಡು. ಆಮ್ಯಾಕೆ ನಾಲ್ಗೆ ಮ್ಯಾಲೆ ಒಂದ್ ತೊಟ್ಟು ಆಕ್ಕಂಡು ನೋಡೇ ನಲ್ಲಿ ತಿರ್ಗ್ಸೋದು. ಯಾರೂ ಏಳ್ಕೊಟ್ಟಿಲ್ಲ ಅದ, ನಾನೇ ಮಾಡ್ಕಂಡಿರೋದು. ಮೂರು ವರ್ಸ ಆಯ್ತು, ಒಂದ್ ದಿನ ತಪ್ಪಿಲ್ಲ."

"ಅದನ್ನ ಹೇಳ್ಳಿಲ್ವಾ ಅವರಿಗೆ?" ಎಂದೆ. ನನ್ನ ದನಿ ನನಗೇ ಬೇರೆಯವರದ್ದು ಅನ್ನಿಸಿತು.

"ಏಳ್ದೆ. ಮತ್ತೆಲ್ಲಿಂದ ಬಂತಮ್ಮ ಉಪ್ಪು ಅಂದ್ರು. ನಂಗೇನ್ ಗೊತ್ತು ಎಲ್ಲಿಂದ ಬಂತು ಅಂತ. ನಂಗೆ ಗೊತ್ತಿದ್ರೆ ಏಳಲ್ವಾ?"

ನಾನು ನೀರು ಕುಡಿದೆ. ಅವಳು ಖಾಲಿ ಲೋಟ ತೆಗೆದುಕೊಂಡು ಹೋದಳು. ಈಗ ಅವಳ ಮುಖ ನೋಡಿಯಾಗಿತ್ತು. ಮೂಗಿನ ಎಡಗಡೆ ಕೆಂಪು ಕಲ್ಲಿನ ಮೂಗುಬಟ್ಟು, ಕತ್ತಿನಲ್ಲಿ ಕರೀಮಣಿ ಇರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಮಾಲೀಕರು ಬಂದರು. ನಲವತ್ತು ದಾಟಿರದ ಮನುಷ್ಯ. ಸಂಜಯನಗರದವರು, ಮೊಣಕಾಲಿನ ಚಡ್ಡಿ ಹಾಕಿದ್ದರು. ನನ್ನನ್ನು ಕಂಡು ಕೈಮುಗಿದರು. ನನಗೆ ಏನು ಹೇಳಬೇಕೋ ತಿಳಿಯದೆ ಎದ್ದು ನಿಂತೆ.

"ಕೂತ್ಕೊಳಿ ಅಮ್ಮ. ನಿಮ್ಮ ಹಣ್ಣು ಬಹಳ ಚೆನ್ನಾಗಿತ್ತು. ನೀರು ಕೆಡಿಸಿಬಿಡ್ತು" ಎಂದರು. ಇಷ್ಟು ಒಳ್ಳೆಯ ಮಾತು ಆಡದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಿಮ್ಮ ಅಮ್ಮ ಟ್ಯಾಂಕಿನ ಸಣ್ಣ ನಲ್ಲಿಯಿಂದ ಮೂರು ಲೋಟ ತುಂಬಿದಳು, ಒಂದು ಅವರಿಗೆ, ಒಂದು ತನಗೆ, ಇನ್ನೊಂದು ಹೋಟೆಲ್ ಕಡೆ ನೋಡಿಕೊಳ್ಳುವವರಿಗೆ. ಅವರಿನ್ನೂ ಬಂದಿರಲಿಲ್ಲ. ಮಾಲೀಕರು ಮೂರನೆಯ ಲೋಟವನ್ನು ತಮಾಷೆಗೆಂಬಂತೆ ನನ್ನ ಕಡೆ ಹಿಡಿದರು.

"ನೀವೇ ಹೇಳಿ ಅಮ್ಮ, ಇದನ್ನ ಜನಕ್ಕೆ ಹಾಕಬಹುದಾ?"

"ಸಾರ್, ಅವರು ಇದೆಲ್ಲ ಮುಟ್ಟಲ್ಲ" ಎಂದಳು ನಿಮ್ಮ ಅಮ್ಮ. "ಇವತ್ತು ಶನಿವಾರ, ಒಪ್ಪತ್ತು ಬೇರೆ."

ಅವಳು ನನಗೆ ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟಳು. ನಾನು ಲೋಟ ತೆಗೆದುಕೊಂಡೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣಮುಂದಿದೆ.

ಯಾಕೆ ತೆಗೆದುಕೊಂಡೆ ಎಂದರೆ, ಆ ಉಪ್ಪು ನನ್ನದಲ್ಲ ಎಂದು ಗೊತ್ತಾಗಲಿ ಎಂಬ ಆಸೆ ಇನ್ನೂ ಇತ್ತು. ಲೋಟದಲ್ಲಿ ನೇರಳೆ ಬಣ್ಣ ತಿಳಿಯಾಗಿ, ಹೊಸ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಮೇಲೆ ತೆಳ್ಳಗೆ ಗುಲಾಬಿ ನೊರೆ. ಬಾಯಿಗಿಟ್ಟೆ. ತಣ್ಣಗೆ ಕೊರೆಯಿತು, ಸೋಡಾದ ಹಾಗೆ ನಾಲಿಗೆ ಚುಚ್ಚಿತು. ಆಮೇಲೆ ಹುಳಿ ಬಂತು. ಮೂರು ದಿನದ ಅಂಬಲಿಯ ಮೇಲೆ ನಿಂತ ತಿಳಿಯ ಹುಳಿ. ಅದು ನನಗೆ ಹೊಸದಾಗಿರಲಿಲ್ಲ. ಅದರ ಹಿಂದೆಯೇ ಉಪ್ಪು.

ಇನ್ನೊಂದು ಗುಟುಕು ಕುಡಿದು, ಬಾಯಲ್ಲೇ ಇಟ್ಟುಕೊಂಡು ಒಗರಿಗಾಗಿ ಕಾದೆ. ನೀರಿನಲ್ಲಿ ಬಂದ ಉಪ್ಪಾದರೆ ಉಪ್ಪೂ ಇರಬೇಕು, ಹಣ್ಣಿನ ಒಗರೂ ಇರಬೇಕು. ಹಸಿ ನೇರಳೆಯ ಒಗರು ಎಂಥದೆಂದು ನಿಮಗೆ ಗೊತ್ತು. ನಾಲಿಗೆ ದಪ್ಪಗಾಗಿ ಮಾತೇ ಹೊರಡುವುದಿಲ್ಲ. ಕಾದೆ. ಬರಲಿಲ್ಲ. ಮೂರನೆಯ ಗುಟುಕು ಕುಡಿದೆ. ಗಂಟಲು ನುಣ್ಣಗಿತ್ತು. ಉಪ್ಪು ಹಾಕಿ ಕುಲುಕಿ, ಸ್ವಲ್ಪ ಹೊತ್ತು ಬಿಟ್ಟ ಹಣ್ಣಿನ ರುಚಿ ಅದು, ಬೇರೆಯದಲ್ಲ. ಹಣ್ಣಿಗೆ ಉಪ್ಪು ಮೊದಲೇ ಬಿದ್ದಿತ್ತು. ಇನ್ನು ಅನುಮಾನಕ್ಕೆ ಜಾಗವಿರಲಿಲ್ಲ.

ಆ ಹೆಂಗಸು ಬೆಳಗಿನ ಕೆಲಸ ಮುಗಿಸಿ, ಬೂಟು ಬಿಚ್ಚಿ, ಸೀರೆ ಇಳಿಬಿಟ್ಟು, ಊಟದ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮಾಲೀಕರಿಗೆ ಹೇಳಿ ಹೊರಡಲು ಕಾಯುತ್ತಿದ್ದಳು.

"ಉಪ್ಪು ನಾನು ಹಾಕಿದ್ದು" ಎಂದೆ.

ತಣ್ಣಗೆ ಮಾಡುವ ಮಿಷನ್ ಆಗತಾನೇ ಗುಡುಗುಟ್ಟಲು ಶುರುವಾಗಿತ್ತು. ಯಾರಿಗೂ ಕೇಳಿಸಲಿಲ್ಲ. ಮಾಲೀಕರು ಬಗ್ಗಿ, "ಏನಂದ್ರಿ ಅಮ್ಮ? ಚೆನ್ನಾಗಿಲ್ವಾ?" ಎಂದರು. ಒಂದು ಸಲ ಹೇಳಲು ಕೂಡಿಸಿಕೊಂಡ ಧೈರ್ಯ ಅಲ್ಲಿಗೆ ಮುಗಿದಿತ್ತು. ಚೆನ್ನಾಗಿದೆ ಎಂದು ಹೇಳಿ ಕೂತುಬಿಡಬಹುದಿತ್ತು. ಅದೂ ನಾಲಿಗೆಯ ತುದಿಗೆ ಬಂತು.

"ಉಪ್ಪು ಅಣ್ಣಲ್ಲೇ ಇತ್ತು ಸಾಮಿ. ನಾನು ಆಕ್ದೆ. ನೀರಲ್ಲಿ ಬಂದಿದ್ದಲ್ಲ" ಎಂದೆ, ಗಟ್ಟಿಯಾಗಿ. ಗಾಬರಿಗೆ ಊರ ಮಾತೇ ಬಾಯಿಗೆ ಬಂದುಬಿಟ್ಟಿತ್ತು. ನೆಲ ಒರೆಸುತ್ತಿದ್ದವರೂ ತಿರುಗಿ ನೋಡಿದರು.

ನಿಮ್ಮ ಅಮ್ಮ ಲೋಟ ಕೆಳಗಿಟ್ಟಳು. "ಎಷ್ಟು?" ಎಂದಳು. ಅಮ್ಮ ಎನ್ನಲಿಲ್ಲ, ಬರೀ ಎಷ್ಟು.

"ತಪ್ಪಲೆಗೆ ಒಂದು ಹಿಡಿ."

"ಎಷ್ಟು ತಪ್ಪಲೆ?"

"ಹದಿನಾಲ್ಕು."

ಅವಳು ಹೋಗಿ ಒಂದು ಸಣ್ಣ ತಕ್ಕಡಿಯನ್ನೂ ಅಡುಗೆಮನೆಯಿಂದ ಒಂದು ಡಬ್ಬಿ ಕಲ್ಲುಪ್ಪನ್ನೂ ತಂದು ಮೇಜಿನ ಮೇಲಿಟ್ಟಳು. ತಕ್ಕಡಿಯ ಮೇಲೆ ಬಟ್ಟಲಿಟ್ಟಳು.

"ಹಾಕು. ಅವತ್ತು ಹೇಗೆ ಹಾಕಿದ್ಯೋ ಹಾಗೇ ಹಾಕು."

ಅಷ್ಟು ಜನರ ಮುಂದೆ ನಾನು ಡಬ್ಬಿಗೆ ಕೈಹಾಕಿ ಒಂದು ಹಿಡಿ ಉಪ್ಪು ತೆಗೆದು ಬಟ್ಟಲಿಗೆ ಹಾಕಿದೆ. ಎಪ್ಪತ್ತಾರು ಗ್ರಾಂ ತೋರಿಸಿತು. "ಇನ್ನೊಂದ್ಸಲ" ಎಂದಳು. ಎಪ್ಪತ್ತನಾಲ್ಕು. ಮೂರನೆಯ ಸಲ ಎಪ್ಪತ್ತೈದು. ಹಿಡಿ ಹೆಚ್ಚುಕಡಿಮೆಯಾಗಲಿಲ್ಲ. ನಲವತ್ತು ವರ್ಷ ಅಡುಗೆ ಮಾಡಿದ ಕೈ ಅವತ್ತು ನನ್ನ ಪರ ನಿಲ್ಲಲಿಲ್ಲ. ಅವಳು ಗೋಡೆಯ ಕಡೆ ನೋಡುತ್ತಾ ತುಟಿಯಲ್ಲೇ ಗುಣಿಸಿ, ಟ್ಯಾಂಕಿನ ಐನೂರು ಲೀಟರಿಗೆ ಹಂಚಿ, ಮಾಲೀಕರಿಗೆ ಹೇಳಿದಳು.

"ಒಂದು ಕೆಜಿ ಮೇಲೆ, ಸಾರ್. ಲೀಟರಿಗೆ ಎರಡು ಗ್ರಾಂ. ಲೆಕ್ಕ ಸರಿಹೋಗುತ್ತೆ. ಬಾಯಿಗೆ ಬರ್ತಿರೋದು ಇಷ್ಟೇ."

ಮಾಲೀಕರು ಲೋಟ ಎತ್ತಿ ಇನ್ನೊಮ್ಮೆ ರುಚಿ ನೋಡಿದರು. "ಉಪ್ಪು ಹಾಕಿ ಮಾಡೋ ಬಿಯರೂ ಇದೆ ಪ್ರಪಂಚದಲ್ಲಿ. ಆದ್ರೆ ಹಾಕ್ತಿದೀವಿ ಅಂತ ಗೊತ್ತಿದ್ದು ಹಾಕ್ಬೇಕು" ಎಂದರು. ದನಿ ಏರಿಸಲಿಲ್ಲ. ಬೇರೆ ಟ್ಯಾಂಕಿನ ಬರೀ ಗೋಧಿ ಬಿಯರನ್ನು ಅರ್ಧಕ್ಕರ್ಧ ಬೆರೆಸಿ ಉಪ್ಪು ತಗ್ಗಿಸಿ ಸಂಜೆಗೆ ಹಾಕಿ ಎಂದರು. ಬೋರ್ಡಿನಲ್ಲಿ ನಿಮ್ಮ ಅಮ್ಮನ ಹೆಸರಿತ್ತು, ಅದನ್ನು ಒರೆಸಿಬಿಡಿ ಎಂದೂ ಹೇಳಿದರು. "ಮುಂದಿನ ಟ್ಯಾಂಕ್ ವಿಷಯ ಆಮೇಲೆ ನೋಡೋಣ." ಅವಳು "ಸರಿ ಸಾರ್" ಎಂದಳು.

ಬಾಗಿಲಲ್ಲಿದ್ದ ಹೆಂಗಸು ನನ್ನ ಹತ್ತಿರ ಬಂದಳು.

"ನೆನ್ನೇನೇ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ನಾನು ನೀರು ತಂದ್ಕೊಟ್ಟಾಗ್ಲೂ?"

"ಹ್ಞೂಂ."

ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಅವಳು ತಲೆಯಾಡಿಸಿ, ಚೀಲ ಹೆಗಲಿಗೇರಿಸಿ ಹೊರಟಳು. "ಸೋಮವಾರ ಬಾಮ್ಮ, ಯಥಾಪ್ರಕಾರ" ಎಂದು ಮಾಲೀಕರು ಹಿಂದಿನಿಂದ ಕೂಗಿದರು. ಅವಳು ತಿರುಗಿ ನೋಡಲಿಲ್ಲ.

ನಿಮ್ಮ ಅಮ್ಮ ನನ್ನನ್ನು ಆಟೋದಲ್ಲಿ ಕೂರಿಸಿ ಕಳಿಸಿದಳು. ಅವತ್ತು ಅವಳು ಮನೆಗೆ ಬಂದದ್ದು ನೀವು ಮಲಗಿದ ಮೇಲೆ. ಭಾನುವಾರ ಇಡೀ ದಿನ ನಿಮ್ಮ ಜೊತೆ ಮಾತಾಡಿದಳು, ನಿಮ್ಮ ಅಪ್ಪನ ಜೊತೆ ಮಾತಾಡಿದಳು. ನನಗೆ ಹೇಳಬೇಕಾದ್ದನ್ನು ನಿಮ್ಮ ಕೈಲಿ ಹೇಳಿ ಕಳಿಸಿದಳು. ಸಂಜೆ ಬಟ್ಟೆ ಮಡಿಸುವಾಗ ಒಂದೇ ಒಂದು ಮಾತು ಕೇಳಿದಳು.

"ಶುಕ್ರವಾರ ಯಾಕೆ ಹೇಳ್ಲಿಲ್ಲ?"

"ನಿನ್ ಟ್ಯಾಂಕ್ ಹೋಗುತ್ತೆ ಅಂತ. ನಿನಗೋಸ್ಕರ."

"ನನಗೋಸ್ಕರ ಅನ್ಬೇಡ. ಹೆದರಿದೆ ಅನ್ನು."

"ಹೆದರಿದೆ" ಎಂದೆ. ಅವಳು ಮಡಿಸಿದ ಬಟ್ಟೆ ಎತ್ತಿಕೊಂಡು ಹೋದಳು.

ಸೋಮವಾರ ಆ ಹೆಂಗಸು ಕೆಲಸಕ್ಕೆ ಬರಲಿಲ್ಲ. ಫೋನ್ ಮಾಡಿದರೆ ತೆಗೆಯಲಿಲ್ಲವಂತೆ. ಮಧ್ಯಾಹ್ನ ನಿಮ್ಮ ಅಮ್ಮ ವಿಳಾಸ ಕೇಳಿಕೊಂಡು ಆರ್.ಟಿ. ನಗರದ ಹಿಂದಿನ ಗಲ್ಲಿಯಲ್ಲಿರುವ ಅವಳ ಮನೆಗೆ ಹೋದಳು. ಅದನ್ನು ನನಗೆ ಹೇಳಿದ್ದು ಮಂಗಳವಾರ ಸಂಜೆ. ಅಡುಗೆಮನೆಯ ಕಟ್ಟೆಗೆ ಒರಗಿ, ನನ್ನ ಮುಖ ನೋಡದೆ ಹೇಳಿದಳು.

ಆ ಹೆಂಗಸು ಅವಳನ್ನು ಒಳಗೆ ಕರೆಯಲಿಲ್ಲವಂತೆ. ಹೊಸಿಲಲ್ಲೇ ನಿಂತು ಮಾತಾಡಿದಳಂತೆ. ಕೆಲಸ ವಾಪಸ್ಸು ಇದೆ ಎಂದರೆ, ಗೊತ್ತು, ಸಾರ್ ಹೇಳಿದ್ದು ಕೇಳಿಸಿತು ಎಂದಳಂತೆ. ಮತ್ತೆ ಯಾಕೆ ಬರಲಿಲ್ಲ ಎಂದರೆ, "ನಿಮ್ಮಮ್ಮ ಅಣ್ಣಿಗೆ ಉಪ್ಪಾಕಿದ್ದು ತಪ್ಪಲ್ಲ ಮೇಡಂ, ನಾನೂ ಆಕ್ತಿದ್ದೆ. ತಡವಾಗಾದ್ರೂ ಬಾಯ್ಬುಟ್ರು. ನೀವು ನನ್ನ ಒಂದ್ ಮಾತು ಕೇಳ್ದೆ ನನ್ನೆಸ್ರು ಏಳ್ಬುಟ್ರಿ. ಎಲ್ಲರ ಮುಂದೆ ಏಳಿದ್ರಿ. ಇದ್ನೂ ಎಲ್ಲರ ಮುಂದೆ ಏಳಿ, ಬತ್ತೀನಿ" ಎಂದಳಂತೆ.

"ಅವರು ಅಂದಿದ್ದು ಸರಿ" ಎಂದಳು ನಿಮ್ಮ ಅಮ್ಮ. "ಉಪ್ಪು ಅಂದ ತಕ್ಷಣ ನನಗೆ ಬೇರೆ ಯಾರೂ ಹೊಳೀಲಿಲ್ಲ. ಮಿಷನ್ ತೊಳೆಯೋರು ಅವರು, ಮುಗೀತು. ನನ್ ಮನೆಯಿಂದ ಬಂದ ಡಬ್ಬಿ ನೋಡ್ಬೇಕು ಅಂತ ಅನ್ನಿಸ್ಲೇ ಇಲ್ಲ."

"ಎಲ್ಲರ ಮುಂದೆ ಹೇಳಿದ್ಯಾ?"

"ಇವತ್ತು ಬೆಳಿಗ್ಗೆ. ಅವರನ್ನೂ ಕರೆಸಿದ್ದೆ. ಶಿಫ್ಟ್ ಶುರುವಾಗೋಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಹೇಳ್ದೆ. ತಪ್ಪು ಅವರದಲ್ಲ, ನಾನು ವಿಚಾರಿಸದೆ ಅವರ ಮೇಲೆ ಹಾಕಿದೆ, ತಪ್ಪಾಯ್ತು ಅಂತ. ಸಾರ್ ಕೂಡ ಇದ್ರು."

"ಅವಳೇನಂದ್ಲು?"

"ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಆಯ್ತು ಅಂದು, ಬೂಟು ಹಾಕ್ಕೊಂಡು, ಖಾಲಿಯಾಗಿದ್ದ ನನ್ ಟ್ಯಾಂಕ್ ತೊಳೆಯೋಕೆ ಹೋದ್ರು."